ಹಲ್ಲಲ್ಲಿ ಕಚ್ಚಿದ ದಾರ

ಹಳದಿ ಸ್ಯಾಟಿನ್ ಬಟ್ಟೆಯನ್ನು ನೆಲದ ಮೇಲೆ ಹಾಸಿ ಕತ್ತರಿ ಕೈಗೆತ್ತಿಕೊಂಡಾಗ ಇಂದುಮತಿಗೆ ಯಾರಿಗಾದರೂ ಒಂದೇಟು ಬಾರಿಸಬೇಕೆನಿಸಿತು. ಯಾರಿಗೆ ಎಂದು ಕೇಳಿದ್ದರೆ ಎಲ್ಲರನ್ನೂ ಪಾಳಿಯಲ್ಲಿ ನಿಲ್ಲಿಸುತ್ತಿದ್ದಳು. ಮೊದಲು ಗಂಡ ಶ್ರೀಪಾದ. ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, ನಮ್ಮ ಮನೆಯವರು ಚೆನ್ನಾಗಿ ಹೊಲಿಯುತ್ತಾರೆ, ಎಲ್ಲ ಮಕ್ಕಳ ವೇಷವನ್ನೂ ಅವರೇ ಹೊಲಿದುಕೊಡಲಿ ಎಂದು ಬ್ಯಾಂಕಿನ ಹಿಂದಿಯಲ್ಲಿ ಘೋಷಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದ ಮಹಾನುಭಾವ. ಊರಿನ ಆಕಳು, ಇವನ ದಾನ. ಆಮೇಲೆ ಎರಡನೆಯ ಮಹಡಿಯ ದಕ್ಷಾಬೆನ್, ಸೊಸೈಟಿಯ ಸೆಕ್ರೆಟರಿಯ ಹೆಂಡತಿ, ಇವರು ಧಾರವಾಡದಿಂದ ವರ್ಗವಾಗಿ ಬಂದು ಎರಡು ವರ್ಷವಾದರೂ ಇಂದುಮತಿಯನ್ನು 'ಮದ್ರಾಸಿ ಭಾಭಿ' ಎಂದೇ ಕರೆಯುವ ಹೆಂಗಸು. ಮದ್ರಾಸು ಎಲ್ಲಿದೆ ಎಂದು ಇಂದುಮತಿಗೆ ಗೊತ್ತಿತ್ತೇ ಹೊರತು ಅದರ ಸ್ಟೇಷನ್ನಿನಲ್ಲಿ ಒಂದು ಲೋಟ ನೀರೂ ಕುಡಿದಿರಲಿಲ್ಲ. ಪಾಳಿಯ ಕೊನೆಯಲ್ಲಿ, ಹೇಳಲು ನಾಲಿಗೆ ಹಿಂಜರಿದರೂ ನಿಜ, ಸ್ವಂತ ಮಗಳು ಸಂಜನಾ ನಿಂತಿದ್ದಳು. ಹನ್ನೊಂದು ವರ್ಷದ ಹುಡುಗಿ. ಕತ್ತರಿ ಕರಕರ ಎನ್ನುತ್ತ ಬಟ್ಟೆಯೊಳಗೆ ಇಳಿಯಿತು. ಹೊರಗೆ ಸ್ಯಾಟಲೈಟ್ ರಸ್ತೆಯಲ್ಲಿ ಆಟೋಗಳು ಒದರುತ್ತಿದ್ದವು. ಅಕ್ಟೋಬರಿನಲ್ಲೂ ಸೆಖೆ ಬಿಡದ ಗುಜರಾತಿನ ಊರಿದು.

ಈ ಹಳದಿ ಸಂಜನಾಳದಾಗಬೇಕಿತ್ತು. ಭಾನುವಾರ ಬೆಳಿಗ್ಗೆ ಟೀವಿಯಲ್ಲಿ 'ತಾರಾದಲ್' ಬಂದರೆ ಸೊಸೈಟಿಯ ಅಂಗಳದಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ನಾಯಿಗೆ ಕಲ್ಲು ಹೊಡೆಯುವ ಹುಡುಗರೆಲ್ಲ ಒಳಗಿರುತ್ತಿದ್ದರಿಂದ ನಾಯಿಗೂ ಬೇಸರ. ಐದು ಬಣ್ಣದ ಐವರು ವೀರರು, ಕೆಂಪು, ನೀಲಿ, ಹಸಿರು, ಬಿಳಿ, ಹಳದಿ. ಎದುರಿಗೆ ಒಬ್ಬ ಕೀಟಾಸುರ, ಆರು ಕಾಲಿನ ರಾಕ್ಷಸ ಹುಳ. ನವರಾತ್ರಿಯಲ್ಲಿ ಆರತಿ ಮುಗಿದು ಗರ್ಬಾ ಶುರುವಾಗುವ ಮೊದಲು ಮಕ್ಕಳ ಗುಂಪು ವೇಷದ ಸ್ಪರ್ಧೆ, ಸುತ್ತಲಿನ ಸೊಸೈಟಿಗಳೆಲ್ಲ ಬರುತ್ತವೆ. ಕೀಟಾಸುರನಾಗಲು ಯಾರೂ ಒಪ್ಪದೆ ಹುಳವನ್ನು ಹಲಗೆಯ ಮೇಲೆ ಬರೆದು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಸಂಜನಾ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಹಳದಿ ವೀರೆಯ ಒದೆ ಒದ್ದಳು. ಬಲಗಾಲು ಎದೆಮಟ್ಟಕ್ಕೆ, ಎರಡೂ ಕೈ ಆಕಾಶಕ್ಕೆ. ಕುಕ್ಕರು ಕೂಗುವಾಗ ಒಂದು ಒದೆ, ಹಾಲು ಉಕ್ಕುವಾಗ ಒಂದು ಒದೆ. ಅವಳ ಅಳತೆ ತೆಗೆದುಕೊಳ್ಳುವಾಗ ಇಂದುಮತಿ ಸೊಂಟದ ಹತ್ತಿರ ಬೇಕೆಂದೇ ಟೇಪು ಬಿಗಿ ಹಿಡಿದು ಕಚಗುಳಿ ಇಟ್ಟಿದ್ದಳು. ಹುಡುಗಿ ಕುಲುಕುಲು ನಕ್ಕು, "ಮಮ್ಮಿ, ಸ್ಟಾಪ್ ನಾ, ನಂಗೆ ಗುದ್‌ಗುದೀ ಆಗ್ತದ" ಎಂದಿದ್ದಳು. ಮೂರು ಭಾಷೆಯ ಆ ಮುರುಕು ವಾಕ್ಯವನ್ನು ಇಂದುಮತಿ ಎರಡು ದಿನ ಬಾಯಲ್ಲಿ ಚೀಪಿದ್ದಳು. ಆಮೇಲೆ ವಡೋದರಾದಿಂದ ದಕ್ಷಾಬೆನ್ನಳ ಅಣ್ಣನ ಮಗಳು ರಜೆಗೆಂದು ಬಂದಳು. ಕಿಂಜಲ್.

ದಕ್ಷಾಬೆನ್ ಬಂದದ್ದು ಮಧ್ಯಾಹ್ನದ ಚಹಾದ ಹೊತ್ತಿಗೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಹರಡಿದ್ದ ನೀಲಿ ಬಟ್ಟೆಯನ್ನು ಸರಿಸಿ ಕೂತು, ಎದುರಿಗೆ ಇಂದುಮತಿ ನಿಂತಿದ್ದರೂ ಕಣ್ಣನ್ನು ಸಂಜನಾಳ ಮೇಲಿಟ್ಟು ಗುಜರಾತಿಯಲ್ಲಿ ಶುರುಮಾಡಿದಳು. ಯಾವಾಗಲೂ ಹೀಗೆಯೇ. ಇಂದುಮತಿಗೆ ಗುಜರಾತಿ ಆಡಲು ಬರುವುದಿಲ್ಲ, ಹಿಂದಿಯಲ್ಲಿ ಲಿಂಗ ತಪ್ಪುತ್ತದೆ, ಒಮ್ಮೆ ಗಂಡನನ್ನು ಸ್ತ್ರೀಲಿಂಗ ಮಾಡಿ ತರಕಾರಿಯವಳ ಮುಂದೆ ನಗೆಪಾಟಲಾದ ಮೇಲೆ ಬಾಯಿ ಮುಚ್ಚಿಕೊಂಡವಳು ತೆರೆದಿರಲಿಲ್ಲ. ಆಡಲು ಬಾರದು, ತಿಳಿಯುತ್ತದೆ. ಎರಡು ವರ್ಷ ಕಿವಿ ಸುಮ್ಮನಿರುತ್ತದೆಯೇ? ಅದು ಯಾರಿಗೂ ಗೊತ್ತಿರಲಿಲ್ಲ, ಮಗಳಿಗೂ ಸಹ. ಹಾಗಾಗಿ ದಕ್ಷಾಬೆನ್ ಹೇಳಿದ್ದು ಅವಳಿಗೆ ಎರಡು ಸಲ ಕೇಳಿಸಿತು, ಒಮ್ಮೆ ಇದ್ದ ಹಾಗೆ, ಒಮ್ಮೆ ಮಗಳ ಬಾಯಲ್ಲಿ ಸೋಸಿದ ಹಾಗೆ. ಇದ್ದ ಹಾಗೆ ಅಂದರೆ: ಕಿಂಜಲ್ ಬೆಳ್ಳಗಿದ್ದಾಳೆ, ಹಳದಿ ಅವಳಿಗೆ ಒಪ್ಪುತ್ತದೆ, ಸಂಜನಾ ಸ್ವಲ್ಪ ಶ್ಯಾಮಲ, ಹುಳದ ವೇಷದಲ್ಲಿ ಮುಖ ಕಾಣುವುದಿಲ್ಲ, ತೊಂದರೆ ಇಲ್ಲ, ಹಲಗೆಗಿಂತ ಜೀವಂತ ಹುಳವೇ ಚೆಂದ. ಸೋಸಿದ್ದು ಹೀಗಿತ್ತು.

"ಮಮ್ಮಿ, ಆಂಟಿ ಹೇಳ್ತಾರ, ಕೀಟಾಸುರ್ ಕಾ ರೋಲ್ ಬಹಳ ಇಂಪಾರ್ಟೆಂಟ್ ಅದ. ನಾ ಅದು ಮಾಡ್ಬೇಕಂತ. ಯೆಲ್ಲೋ ಕಿಂಜಲ್ ಮಾಡ್ತಾಳ."

"ನೀ ಏನಂದಿ?"

"ನಾ ಯೆಸ್ ಅಂದೆ."

"ಹೇಳು ಆಕಿಗೆ," ಎಂದಳು ಇಂದುಮತಿ. ಹೇಳುವಾಗ ದಕ್ಷಾಬೆನ್ನಳನ್ನೇ ನೋಡುತ್ತಿದ್ದಳು. "ನಾನು ಆ ಹುಡುಗಿಗೆ ಹೊಲಿಯೂದಿಲ್ಲ. ನನ್ನ ಮಗಳ ಅಂಗಿ ನನ್ನ ಮಗಳs ಹಾಕ್ಕೊಳ್ಳಾಕಿ. ಹುಳ ಬೇಕಾದ್ರ ಆಕಿ ಮನಿಯೊಳಗs ಬೇಕಾದಷ್ಟವ, ಒಂದನ್ನ ಕಳಸ್ಲಿ. ಹೇಳು, ಒಂದs ಮಾತು ಬಿಡಬ್ಯಾಡ."

ಸಂಜನಾ ಉಗುರು ಕಚ್ಚಿದಳು. ದಕ್ಷಾಬೆನ್ ಕಡೆ ತಿರುಗಿ, ಸಕ್ಕರೆಯಂಥ ಗುಜರಾತಿಯಲ್ಲಿ, ಮಮ್ಮಿಗೆ ತುಂಬ ಸಂತೋಷವಾಯಿತಂತೆ, ಗುರುವಾರಕ್ಕೆ ಎಲ್ಲ ಸಿದ್ಧವಾಗುತ್ತದಂತೆ ಎಂದಳು. ದಕ್ಷಾಬೆನ್ "ಬೌ ಸರಸ್" ಎಂದು ಮೆಚ್ಚಿ ಇಂದುಮತಿಯ ಕೆನ್ನೆ ತಟ್ಟಿ ಎದ್ದಳು. ಆ ತಟ್ಟಿದ ಜಾಗ ಸಂಜೆಯವರೆಗೂ ಉರಿಯಿತು. ಮಗಳನ್ನು ಹಿಡಿದು ಕೇಳಬಹುದಿತ್ತು. ಕೇಳಿದರೆ ತನಗೆ ಗುಜರಾತಿ ತಿಳಿಯುತ್ತದೆಂದು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಇಷ್ಟು ದಿನ ಎಲ್ಲವನ್ನೂ ತಿಳಿದೂ ನುಂಗಿದವಳು ಎಂದಾಗುತ್ತದೆ. ತಿಳಿಯದವಳ ಅವಮಾನಕ್ಕಿಂತ ತಿಳಿದವಳ ಅವಮಾನ ಭಾರ. ಸೊಸೈಟಿಯ ಹೆಂಗಸರು ಇವಳ ಸಾರಿನ ವಾಸನೆಯ ಬಗ್ಗೆ ಅಂದದ್ದು, ಅದನ್ನು ಸಂಜನಾ 'ನಿನ್ನ ಅಡಿಗಿ ಚಲೋ ಅದ ಅಂತಾರ' ಎಂದು ತಿರುಗಿಸಿದ್ದು, ಆ ಸುಳ್ಳನ್ನು ನಂಬಿದವಳಂತೆ ತಾನು ನಕ್ಕದ್ದು ಎಲ್ಲ ಹೊರಬೀಳಬೇಕಾಗುತ್ತದೆ. ಮಗಳು ತನ್ನನ್ನು ಕಾಪಾಡುತ್ತಿದ್ದಾಳೋ, ತನ್ನ ಬಗ್ಗೆ ನಾಚಿ ಮುಚ್ಚಿಡುತ್ತಿದ್ದಾಳೋ? ಕಾಪಾಡಲು ತಾನೇನು ಅವಳ ಕೂಸೇ?

ಶ್ರೀಪಾದ ಸಂಜೆ ಷರ್ಟಿನ ಗುಂಡಿ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡ. "ಹೋಗ್ಲಿ ಬಿಡು," ಎಂದ. ಅವನ ಬ್ಯಾಂಕಿನ ಸೀಲು ಅದು, ಎಲ್ಲದರ ಮೇಲೂ ಒತ್ತುತ್ತಾನೆ. "ಹುಡುಗರಾಟ. ಇನ್ನೊಂದು ವರ್ಷಕ್ಕ ವರ್ಗ ಆಗ್ತದ, ಆಮ್ಯಾಲ ಯಾವ ದಕ್ಷಾಬೆನ್, ಯಾವ ಹುಳಾ."

"ನೀವು ಮಂದಿ ಮುಂದ ನನ್ನ ದಾನಾ ಕೊಟ್ಟು ಬಂದೀರಲ್ಲ, ಅದಕ್ಕೇನು?"

"ಬಡವನ ಸಿಟ್ಟು ದವಡಿಗೆ ಮೂಲ," ಎಂದು ನಕ್ಕು ಅವನು ಪೇಪರು ಬಿಡಿಸಿದ. ಪೇಪರಿನ ಹಿಂದೆ ಅವನ ತಲೆ ಮಾಯವಾಯಿತು. ಇಂದುಮತಿಗೆ ಆ ಪೇಪರಿನ ನಟ್ಟನಡುವೆ ಕತ್ತರಿ ಆಡಿಸಬೇಕೆನಿಸಿತು. ಅಡುಗೆಮನೆಗೆ ಹೋಗಿ ಬೇಳೆ ತೊಳೆದಳು, ನೀರು ತಿಳಿಯಾದ ಮೇಲೂ ತೊಳೆದಳು.

ಹಾಗೆ ಬೇಳೆ ತೊಳೆಯುತ್ತಿರುವಾಗಲೇ ಅವಳಿಗೆ ಹೊಳೆದದ್ದು. ಹೊಳೆದದ್ದು ಎನ್ನುವುದು ದೊಡ್ಡ ಮಾತು, ಕೈ ತಾನೇ ನಿಶ್ಚಯಿಸಿತು. ಮರುದಿನ ಮಿಷನ್ ಮುಂದೆ ಕೂತಾಗ ಕೆಂಪು, ನೀಲಿ, ಹಸಿರು, ಬಿಳಿ ನಾಲ್ಕಕ್ಕೂ ಎರಡೆರಡು ಸಲ ಪಕ್ಕಾ ಹೊಲಿಗೆ ಓಡಿಸಿದಳು. ಹಳದಿಯದನ್ನು ಮಿಷನ್ನಿಗೇ ಹಾಕಲಿಲ್ಲ. ಕಂಕುಳು, ತೊಡೆಯ ಸಂದು, ಬೆನ್ನು, ಎಲ್ಲೆಲ್ಲಿ ಒದೆಯುವಾಗ ಎಳೆತ ಬೀಳುತ್ತದೋ ಅಲ್ಲೆಲ್ಲ ಕೈಯಿಂದ ಕಚ್ಚಾ ಹೊಲಿಗೆ ಹಾಕಿದಳು. ಅಳತೆ ನೋಡಲು ಹಾಕಿ ಆಮೇಲೆ ಕಿತ್ತೆಸೆಯುವ ಉದ್ದುದ್ದ ಹೊಲಿಗೆ, ಕೊನೆಗೆ ಗಂಟೂ ಇಲ್ಲ. ಮೇಲೆ ಇಸ್ತ್ರಿ ಎಳೆದರೆ ಬ್ರಹ್ಮನಿಗೂ ತಿಳಿಯದು. ನಿಂತರೆ ಅಂಗಿ, ಕಾಲೆತ್ತಿದರೆ ಚಿಂದಿ. ಐನೂರು ಜನರ ಮುಂದೆ, ಮೈಕಿನ ಮುಂದೆ, ವಡೋದರಾದ ಬೆಳ್ಳನೆಯ ಹುಡುಗಿ. ಸೂಜಿ ಏರುತ್ತ ಇಳಿಯುತ್ತ ಇದ್ದಾಗ ಇಂದುಮತಿಗೆ ಎಂದೂ ಇಲ್ಲದ ಸಮಾಧಾನವಾಯಿತು, ಹಾಡೊಂದನ್ನು ಗುನುಗಿದಳು.

ಉಳಿದ ಸಿಟ್ಟೆಲ್ಲ ಹುಳಕ್ಕೆ ಹೋಯಿತು. ಮುಖ ಕಾಣದ ವೇಷವೇ? ಐವರು ವೀರರನ್ನು ಯಾರೂ ತಿರುಗಿ ನೋಡದಂಥ ಹುಳ ಮಾಡುತ್ತೇನೆ ನೋಡು ಎಂದು ಗೋಡೆಗೆ ಹೇಳಿದಳು. ಹಳೆಯ ಕಾಲುಚೀಲಗಳಿಗೆ ಹತ್ತಿ ತುರುಕಿ ಆರು ಕಾಲು. ಬುಟ್ಟಿಯ ಮೇಲೆ ಕಾಗದ ಅಂಟಿಸಿ ತಲೆ, ಅದಕ್ಕೆ ಲಾ ಗಾರ್ಡನ್ನಿನ ಸಂತೆಯಿಂದ ತಂದ ಕನ್ನಡಿ ಚೂರುಗಳ ಕಣ್ಣು. ಸೂರತ್‌ನ ಗಿರಣಿಯಲ್ಲಿ ಕೆಲಸ ಮಾಡುವ ಅವಳ ಸೋದರಮಾವನ ಮಗ ಹನುಮಂತ ಕಳಿಸಿದ್ದ ಜರಿಯ ತುಂಡುಗಳೆಲ್ಲ ಹೊಟ್ಟೆಗೆ. ರೆಕ್ಕೆಗೆ ಏನೂ ಸರಿಬರಲಿಲ್ಲ. ಕಪಾಟಿನ ಕೆಳಗಿನ ಟ್ರಂಕು ತೆರೆದು ಗುಳೇದಗುಡ್ಡದ ಖಣ ಹೊರತೆಗೆದಳು. ಸಂಜನಾ ಹೊಟ್ಟೆಯಲ್ಲಿದ್ದಾಗ ಉಡಿ ತುಂಬಿ ಅವ್ವ ಕೊಟ್ಟದ್ದು, ಒಂದು ಕಡೆಯಿಂದ ನೋಡಿದರೆ ಹಸಿರು, ಇನ್ನೊಂದು ಕಡೆಯಿಂದ ನೇರಳೆ. ಕುಬುಸ ಹೊಲಿಸಿಕೊಂಡಿರಲಿಲ್ಲ, ಯಾರಿಗೂ ದಾಟಿಸಿಯೂ ಇರಲಿಲ್ಲ. ಉಡಿಯ ಖಣವನ್ನು ಹುಳಕ್ಕೆ ಕತ್ತರಿಸುವುದೇ ಎಂದು ಕೈ ತಡೆಯಿತು. ಯಾವ ಮಗುವಿಗಾಗಿ ಬಂತೋ ಅದರ ಬೆನ್ನಿಗೇ ಹೋಗುತ್ತದಲ್ಲ ಎಂದು ಕತ್ತರಿಸಿದಳು. ಶಾಲೆಯಿಂದ ಬಂದ ಸಂಜನಾ ರೆಕ್ಕೆ ನೋಡಿ ಬ್ಯಾಗು ಕೆಳಗಿಡುವುದನ್ನೇ ಮರೆತಳು. "ಇದು ನಂದಾ?" ಎಂದಳು. ಅಳತೆ ನೋಡುವಾಗ ರೆಕ್ಕೆಯ ಒಂದು ಎಳೆ ಬಿಚ್ಚಿಕೊಂಡಿತು. ಇಂದುಮತಿ ಅಲ್ಲೇ ಸೂಜಿ ಹಾಕಲು ಹೋಗಿ ನಿಂತಳು. "ತಡಿ, ಹಲ್ಲಾಗ ದಾರ ಹಿಡಿ." ಮೈಮೇಲಿನ ಬಟ್ಟೆಗೆ ಸೂಜಿ ಹಾಕುವುದು ಹೆಣಕ್ಕೆ ಮಾತ್ರ ಎನ್ನುತ್ತಿದ್ದಳು ಅವ್ವ, ಬದುಕಿದವರಿಗೆ ಹಾಕುವುದಾದರೆ ಹಲ್ಲಲ್ಲಿ ದಾರದ ತುಂಡು ಕಚ್ಚಿ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವಾದರೆ ಬಟ್ಟೆಯ ಜೊತೆ ಬುದ್ಧಿಯನ್ನೂ ಹೊಲಿದಂತಾಗುತ್ತದೆ. ಅವ್ವನ ಮುಂದೆ ಶಾಲೆಗೆ ಹೊತ್ತಾದ ಎಷ್ಟೋ ಬೆಳಗುಗಳಲ್ಲಿ ದಾರ ಕಚ್ಚಿ ನಿಂತದ್ದು, ಹೇಳಬೇಕಾದ್ದೆಲ್ಲ ಗಂಟಲಲ್ಲಿ ನಿಂತು ಎಂಜಲಾಗಿ ಇಳಿದದ್ದು, ದಾರದ ಆ ಮೇಣದ ರುಚಿ. ಸಂಜನಾ ದಾರ ಕಚ್ಚಿಕೊಂಡು ಮುಸಿಮುಸಿ ನಕ್ಕಳು. ಆಮೇಲೆ ಹಳದಿ ಅಂಗಿಯನ್ನು ಎತ್ತಿ ಒಳಮೈ ತಿರುವಿ ನೋಡಿ, ಗೊತ್ತಿದ್ದವಳಂತೆ, "ಇನ್ನೂ ಕಚ್ಚಾ ಅದ ಅಲಾ?" ಎಂದಳು. "ಹೂಂ, ಪಕ್ಕಾ ಆಗಬೇಕು," ಎಂದಳು ಇಂದುಮತಿ, ಮುಖ ತಿರುಗಿಸಿ.

ಬುಧವಾರ ಕಿಂಜಲ್ ಅಳತೆಗೆ ಬಂದಳು. ಬರಬಾರದಿತ್ತು. ಎದುರಿಗೆ ಬಾರದಿದ್ದರೆ ಅವಳೊಂದು ಹೆಸರಾಗಿ ಉಳಿಯುತ್ತಿದ್ದಳು. ಬಂದವಳಿಗೆ ಒಂದು ಹಲ್ಲು ಬಿದ್ದಿತ್ತು, ಮೊಣಕಾಲಿಗೆ ತರಚು ಗಾಯವಿತ್ತು. ಟೇಪು ಸೊಂಟಕ್ಕೆ ತಾಗಿದೊಡನೆ ಅವಳೂ ಕುಲುಕುಲು ನಕ್ಕಳು. 'ಮಾಸಿ' ಎಂದು ಕರೆದು ತಟ್ಟೆಯಲ್ಲಿದ್ದ ಚಕ್ಕುಲಿ ಕೇಳದೆಯೇ ತೆಗೆದುಕೊಂಡಳು. ಈ ಕೂಸನ್ನು ಜನರ ಮುಂದೆ ಬೆತ್ತಲೆ ನಿಲ್ಲಿಸಲು ಹೊರಟಿದ್ದೇನೆಯೇ ಎಂದು ಕೇಳಿಕೊಳ್ಳುತ್ತ ಇಂದುಮತಿ ಅಳತೆ ಬರೆದುಕೊಳ್ಳದೆ ಟೇಪು ಸುತ್ತಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಬುದ್ಧಿ ನನಗೆ ಯಾವಾಗ ಬಂತು? ಅವಳು ಹೋದೊಡನೆ ಮಿಷನ್ನಿಗೆ ಹಳದಿ ದಾರ ಏರಿಸಿ ಅಂಗಿಯನ್ನು ಸೂಜಿಯ ಕೆಳಗೆ ತಂದೂ ತಂದಳು. ಅಷ್ಟರಲ್ಲಿ ದಕ್ಷಾಬೆನ್ನಳ ದನಿ ಮೆಟ್ಟಿಲಿನಿಂದ ಬಂತು. ಯಾರಿಗೋ ನಗುತ್ತ ಹೇಳುತ್ತಿದ್ದಳು: ಮದ್ರಾಸಿ ಭಾಭಿ ಪಾಪ, ಹಸುವಿನ ಹಾಗೆ, ಏನು ಹೇಳಿದರೂ ತಲೆ ಆಡಿಸುತ್ತಾಳೆ, ಬಿಟ್ಟಿ ದರ್ಜಿ ಸಿಕ್ಕಳು. ಇಂದುಮತಿ ಬಟ್ಟೆ ಒತ್ತಿ ಹಿಡಿದ ಮಿಷನ್ನಿನ ಕಾಲನ್ನು ಮೇಲೆತ್ತಿ ಅಂಗಿಯನ್ನು ಹೊರಗೆಳೆದಳು. ಮಡಚಿದಳು. ಉಳಿದ ನಾಲ್ಕರ ಜೊತೆ ಇಟ್ಟಳು. ಗುರುವಾರ ಬೆಳಿಗ್ಗೆ ಮಗಳ ಕೈಯಲ್ಲೇ ಎಲ್ಲವನ್ನೂ ಕೆಳಗೆ ಕಳಿಸಿದಳು. ಒಂದು ಮುಗಿದ ವೇಷದೊಳಗೆ ಕಚ್ಚಾ ಉಳಿಸಿ ಕಳಿಸುವುದು ಹೊಲಿಯುವ ಹೆಂಗಸಿಗೆ ಎಂಥ ಪಾಪ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಇಡೀ ದಿನ ಏನೂ ತಿನ್ನಲಿಲ್ಲ, ಉಪವಾಸ ಎಂದು ಗಂಡನಿಗೆ ಹೇಳಿದಳು.

ಸಂಜೆ ಆರತಿ ಮುಗಿದು ಜನ ಕುರ್ಚಿ ಹಿಡಿಯುತ್ತಿದ್ದಾಗ ಅವಳು ರೆಕ್ಕೆಗೆ ಪಿನ್ನು ಚುಚ್ಚಲೆಂದು ಪಾರ್ಕಿಂಗಿಗೆ ಇಳಿದಳು. ಸ್ಕೂಟರುಗಳ ನಡುವೆ ಸೀರೆಯ ಪರದೆ ಕಟ್ಟಿ ಮಕ್ಕಳು ಸಿದ್ಧರಾಗುತ್ತಿದ್ದರು. ಹುಳದ ಸುತ್ತ ಗುಂಪು ನೆರೆದಿತ್ತು, ಬೇರೆ ಸೊಸೈಟಿಯ ಹೆಂಗಸರೂ ಬಂದು ರೆಕ್ಕೆ ಮುಟ್ಟಿ ನೋಡುತ್ತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಖಣ ಹಸಿರಾಗಿ ನೇರಳೆಯಾಗಿ ಮಿರುಗಿತು. ನನ್ನ ಕೈಯ ಕೆಲಸ ಎಂದು ಇಂದುಮತಿಯ ಎದೆ ಉಬ್ಬಿತು. ಹುಳ ಇವಳ ಕಡೆ ತಿರುಗಿ ತಲೆ ಎತ್ತಿತು. ಒಳಗಿನಿಂದ ಬಿದ್ದ ಹಲ್ಲಿನ ಬಾಯಿ ನಕ್ಕಿತು. "ಮಾಸಿ!" ಎಂದಿತು. ಕಿಂಜಲ್‌ಗೆ ಹುಳವೇ ಬೇಕೆಂದು ಹಟವಂತೆ, ಇಷ್ಟು ಚೆಂದದ ವೇಷ ಬಿಟ್ಟು ಹಳದಿ ಯಾರಿಗೆ ಬೇಕಂತೆ, ಬದಲಾಯಿಸಿದೆವು ಎಂದು ದಕ್ಷಾಬೆನ್ ಯಾರಿಗೋ ಹೇಳುತ್ತಿದ್ದದ್ದು ದೂರದಿಂದ ಕೇಳಿಸಿತು. ಸ್ಕೂಟರಿನ ಪಕ್ಕದಲ್ಲಿ ಸಂಜನಾ ಹಳದಿ ಅಂಗಿ ತೊಟ್ಟು, ಬೆನ್ನಿನ ಹುಕ್ಕುಗಳೆಲ್ಲ ಬಿಗಿದುಕೊಂಡು ನಿಂತಿದ್ದಳು. ರೆಕ್ಕೆ ಹೋದದ್ದಕ್ಕೆ ಅತ್ತ ಕಣ್ಣು, ಹಳದಿ ಬಂದದ್ದಕ್ಕೆ ನಗುವ ಬಾಯಿ. ತಾಯಿಯನ್ನು ಕಂಡು ಎರಡೂ ಕೈ ಆಕಾಶಕ್ಕೆತ್ತಿದಳು. ಕಂಕುಳಲ್ಲಿ ಟರ್ರೆಂದಿತು.

ಮೈಕು ಹಿಂದಿನ ಗುಂಪಿನ ಹೆಸರು ಕೂಗುತ್ತಿತ್ತು, ಮುಂದಿನದು ಇವರದೇ. ಬಿಚ್ಚಿಸಲು ಹೊತ್ತಿಲ್ಲ, ಮರೆಯಿಲ್ಲ, ಸುತ್ತ ಗಂಡುಹುಡುಗರು. ಇಂದುಮತಿ ಸೆರಗಿನ ತುದಿಗೆ ಹಳದಿ ದಾರದ ಸಮೇತ ಚುಚ್ಚಿಕೊಂಡಿದ್ದ ಸೂಜಿ ಕಿತ್ತಳು. ಮೊಣಕಾಲೂರಿದಳು. "ಹಲ್ಲಾಗ ಹಿಡಿ," ಎಂದು ಹಳದಿ ದಾರದ ತುಂಡೊಂದನ್ನು ಮಗಳ ಬಾಯಿಗೆ ಕೊಟ್ಟಳು. ಕಂಕುಳು ಹೊಲಿದಳು, ಬೆನ್ನಿಗೆ ಬಂದಳು, ತೊಡೆಯ ಸಂದಿಗೆ ಬಂದಳು. ಪ್ರತಿಯೊಂದು ಕಡೆಯೂ ತನ್ನದೇ ಉದ್ದ ಹೊಲಿಗೆ ಹಲ್ಲು ಕಿರಿಯುತ್ತಿತ್ತು. ಸಂಜನಾ ಬಗ್ಗಿ ನೋಡಿದಳು. ಕಂಕುಳಿನ ಹೊಲಿಗೆ ಅಕಸ್ಮಾತ್ ಬಿಚ್ಚಿರಬಹುದು, ಬೆನ್ನು ಸಹ ಇರಬಹುದು, ಎಲ್ಲ ಕಡೆಯೂ ಕಚ್ಚಾ ಎಂದರೆ ಅಕಸ್ಮಾತ್ ಅಲ್ಲ ಎಂದು ಹೊಲಿಗೆ ಗೊತ್ತಿದ್ದ ಹುಡುಗಿಗೆ ಹೇಳಬೇಕಾಗಿರಲಿಲ್ಲ. ಅವಳ ಕಣ್ಣು ತಾಯಿಯ ಮುಖದ ಮೇಲೆ ನಿಂತಿತು, ಅಲುಗಲಿಲ್ಲ.

ದಕ್ಷಾಬೆನ್ ಓಡಿ ಬಂದಳು. "ಶು ಥಯುಂ? ಶು ಥಯುಂ, ಸಂಜನಾ?" ಏನಾಯಿತು ಎಂದು ಕೇಳಿದ್ದೂ ಮಗಳನ್ನೇ. ಮೊಣಕಾಲೂರಿ ಸೂಜಿ ಹಿಡಿದವಳು ಅವಳ ಲೆಕ್ಕಕ್ಕೆ ಸ್ಕೂಟರಿನ ಸ್ಟ್ಯಾಂಡು. ಸಂಜನಾ ಬಾಯಿ ತೆರೆಯಲು ಹೋದಳು.

"ಬಾಯಿ ತಗೀಬ್ಯಾಡ," ಎಂದಳು ಇಂದುಮತಿ.

ಆಮೇಲೆ ಅವಳೇ ಮಾತಾಡಿದಳು. ತಲೆ ಎತ್ತಲಿಲ್ಲ, ದನಿ ಏರಿಸಲಿಲ್ಲ, ಅಡುಗೆ ಹೇಳಿಕೊಡುವ ದನಿಯಲ್ಲಿ, ಸೂಜಿಯ ಜೊತೆಗೆ, ಕನ್ನಡದಲ್ಲಿ. "ಏನಾತು ಅಂತೀ? ಕಚ್ಚಾ ನಾನs ಹಾಕೀನಿ. ಕೈ ತಪ್ಪಿ ಅಲ್ಲ, ಬೇಕಂತ. ನಿನ್ನ ಅಣ್ಣನ ಮಗಳು ಮಂದಿ ಮುಂದ ಕಾಲೆತ್ತಬೇಕು, ಅಂಗಿ ಹರದು ನಿಲ್ಲಬೇಕು, ನೀ ಮಾರಿ ಮುಚ್ಚಿಕೊಂಡು ಓಡಬೇಕು ಅಂತ ಹಾಕಿದ್ದೆ. ಎರಡು ವರ್ಷ ಆತು, ಒಂದು ದಿನ ನನ್ನ ಮಾರಿ ನೋಡಿ ಮಾತಾಡಿಲ್ಲ ನೀ. ನನ್ನ ಮಗಳ ಬಾಯಿ ಕಸಗೊಂಡಿ. ನೀವು ಅನ್ನೂದೆಲ್ಲಾ ನನಗ ತಿಳೀತದ, ದನಾ ಅಂದದ್ದೂ ತಿಳೀತದ. ಈಕಿ ನನ್ನ ಮುಂದ ಸುಳ್ಳ ಹೇಳಿದ್ದೂ ತಿಳೀತದ. ನಿನಗ ಅಂತ ತೋಡಿದ ಗುಂಡಿ, ನನ್ನ ಕೂಸು ಬಂದು ನಿಂತದ." ಹೇಳುತ್ತ ಹೇಳುತ್ತ ಅವಳಿಗೆ ಸುಖವಾಯಿತು. ಕನ್ನಡ ಇಲ್ಲಿ ಬಾವಿಯಂತೆ. ಏನು ಎಸೆದರೂ ಯಾರಿಗೂ ಕಾಣುವುದಿಲ್ಲ. ದಕ್ಷಾಬೆನ್ ಸೀರೆಯ ನೆರಿಗೆ ಹಿಡಿದುಕೊಂಡು, ಅರ್ಥವಾಗದ ನಗೆ ನಕ್ಕು, "ಹಾ, ಹಾ" ಎಂದು ತಲೆ ಆಡಿಸುತ್ತಿದ್ದಳು. ಹಸುವಿನ ಹಾಗೆ ಎಂದು ಇಂದುಮತಿಗೆ ಅನಿಸಿತು. ಕೊನೆಯ ಗಂಟು ಹಾಕಿ ದಾರ ಕಡಿದಳು.

ಮೈಕು ಕೂಗಿತು. ಮಕ್ಕಳು ಓಡಿದರು. ಸಂಜನಾ ದಾರ ಉಗುಳಲಿಲ್ಲ, ಉಗುಳು ಎಂದು ಇಂದುಮತಿಯೂ ಹೇಳಲಿಲ್ಲ. ಪರದೆಯ ಸಂದಿಯಿಂದ ನೋಡಿದಳು. ಹುಳ ಬಂದಾಗ ಜನ ಹೋ ಎಂದರು. ಹಳದಿ ವೀರೆ ಮುಂದೆ ಬಂದು ಬಲಗಾಲು ಎದೆಮಟ್ಟಕ್ಕೆತ್ತಿ ಒದ್ದಳು, ಬಾಯಿಂದ ದಾರದ ತುದಿ ಇಳಿಬಿದ್ದಿತ್ತು. ಹೊಲಿಗೆ ನಿಂತಿತು. ಇನ್ನೊಮ್ಮೆ ಒದ್ದಳು, ಬೇಕಾದ್ದಕ್ಕಿಂತ ಜೋರಾಗಿ, ಹುಳ ನಿಜಕ್ಕೂ ಹಿಂದೆ ಸರಿಯಿತು. ನಿಂತಿತು. ಇಂದುಮತಿ ಸೂಜಿಯನ್ನು ಮರಳಿ ಸೆರಗಿನ ತುದಿಗೆ ಚುಚ್ಚಿಕೊಂಡಳು. ಮುಗಿಯಿತು, ಯಾರಿಗೂ ಏನೂ ಆಗಲಿಲ್ಲ, ಮನೆಗೆ ಹೋಗಿ ಮಗಳಿಗೆ ಸಮಾಧಾನ ಹೇಳಿದರಾಯಿತು ಎಂದುಕೊಂಡಳು. ಹೋಗ್ಲಿ ಬಿಡು ಎಂದುಕೊಂಡಳು, ಗಂಡನ ಮಾತು ಅದೆಂದು ಆ ಗಳಿಗೆಯಲ್ಲಿ ನೆನಪಾಗಲೂ ಇಲ್ಲ.

ಚಪ್ಪಾಳೆಯ ನಡುವೆ ಮಕ್ಕಳು ಇಳಿದು ಬಂದರು. ದಕ್ಷಾಬೆನ್ ಹುಳವನ್ನು ಅಪ್ಪಿಕೊಂಡಳು, ಆಮೇಲೆ ಹಳದಿಯ ತಲೆ ಸವರಿದಳು. ಸುತ್ತ ನಾಲ್ಕೈದು ಹೆಂಗಸರಿದ್ದರು. ನಿನ್ನ ಮಮ್ಮಿ ಆಗ ಎಷ್ಟೊಂದು ಮಾತಾಡಿದರು, ನಾನು ಅವರ ದನಿ ಕೇಳಿದ್ದೇ ಇವತ್ತು, ಏನಂದರು ಹೇಳು ಎಂದು ಅಕ್ಕರೆಯಿಂದಲೇ ಕೇಳಿದಳು. ಸಂಜನಾ ತಾಯಿಯನ್ನು ನೋಡಿದಳು. ದಾರ ಕೆಟ್ಟದಿತ್ತಂತೆ ಎನ್ನು, ಎಂದು ಇಂದುಮತಿಯ ಕಣ್ಣು ಬೇಡಿತು. ಸೋಸು ಮಗಳೇ, ಇದೊಂದು ಸಲ ಸೋಸು. ಹುಡುಗಿ ಹಲ್ಲಿನ ನಡುವಿನಿಂದ ಒದ್ದೆ ದಾರವನ್ನು ಎಳೆದು ಕೈಯಲ್ಲಿ ಹಿಡಿದುಕೊಂಡಳು. ತಿರುಗಿ, ಸ್ಪಷ್ಟವಾದ ಗುಜರಾತಿಯಲ್ಲಿ ಶುರುಮಾಡಿದಳು. ಕಚ್ಚಾ ಹಾಕಿದ್ದು ಮಮ್ಮಿಯೇ. 'ಜಾಣೀಜೋಈನೇ' ಎಂದಳು, ಬೇಕಂತಲೇ ಎಂಬ ಆ ಪದವನ್ನು ಒತ್ತಿ. ಕಿಂಜಲ್‌ಳ ಅಂಗಿ ಹರಿಯಲೆಂದು, ಆಂಟಿ ಮುಖ ಮುಚ್ಚಿಕೊಂಡು ಓಡಲೆಂದು. ಎರಡು ವರ್ಷ, ಮುಖ ನೋಡಿ ಮಾತಾಡದ್ದು, ಬಾಯಿ ಕಸಿದುಕೊಂಡದ್ದು, ದನ ಎಂದದ್ದು. ತಾನು ಸುಳ್ಳು ಹೇಳಿದ್ದು. ಗುಂಡಿ. ಒಂದೊಂದಾಗಿ, ತಡವರಿಸದೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. ದಕ್ಷಾಬೆನ್ನಳ ಕೈ ಹುಡುಗಿಯ ತಲೆಯ ಮೇಲಿಂದ ಮೆಲ್ಲಗೆ ಇಳಿಯಿತು. ಅವಳು ಎರಡು ವರ್ಷದಲ್ಲಿ ಮೊದಲ ಬಾರಿಗೆ ಇಂದುಮತಿಯ ಮುಖವನ್ನೇ ನೋಡಿದಳು. ಹುಳದ ತಲೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಕಿಂಜಲ್ ಸಹ ನೋಡಿದಳು.

ಸಂಜನಾ ತಾಯಿಯ ಕಡೆ ತಿರುಗಿದಳು. "ಮಮ್ಮಿ," ಎಂದಳು, "ಒಂದ್ ಮಾತೂ ಬಿಡ್ಲಿಲ್ಲ ನಾ?"

"ಇಲ್ಲ," ಎಂದಳು ಇಂದುಮತಿ. "ಒಂದೂ ಬಿಟ್ಟಿಲ್ಲ."